ರಟ್ಟೆಗೆ ಕಟ್ಟುವ ಬಿಪಿ ಮಿಷನ್: ಮಿದುಳಿನ ಸಣ್ಣ ನಾಳಗಳ ಲೆಕ್ಕದಲ್ಲೊಂದು ವಿಮರ್ಶೆ

ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿರುವ ಬಿಪಿ ಮಿಷನ್‌ಗಳಲ್ಲಿ ಯಾವುದನ್ನು ಮನೆಗೆ ತರಬೇಕು ಅನ್ನುವುದಕ್ಕೆ ಉತ್ತರ ಮೊದಲೇ ಹೇಳಿಬಿಡೋಣ. ರಟ್ಟೆಗೆ ಕಟ್ಟುವಂಥದ್ದಿರಲಿ, ನಿಮ್ಮ ರಟ್ಟೆಯ ಸುತ್ತಳತೆಗೆ ಸರಿಹೊಂದುವ ಕಫ್ (ಗಾಳಿ ತುಂಬುವ ಪಟ್ಟಿ) ಇರಲಿ, ಹಳೆಯ ಅಂಕಿಗಳನ್ನು ಇಟ್ಟುಕೊಂಡು ಸರಾಸರಿ ತೋರಿಸುವಂತಿರಲಿ. ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಸಾವಿರ ರೂಪಾಯಿಯೊಳಗೆ ಇಷ್ಟು ಸಿಗುತ್ತದೆ. ಬ್ಲೂಟೂತ್, ಮಾತಾಡುವ ಮಿಷನ್, ಕೆಂಪು-ಹಸಿರು ದೀಪ ಎಲ್ಲ ಮದುವೆ ಮನೆಯ ಸೀರಿಯಲ್ ಸೆಟ್ಟಿದ್ದ ಹಾಗೆ. ಇದ್ದರೆ ಚಂದ, ಇಲ್ಲದಿದ್ದರೂ ಮದುವೆ ನಿಲ್ಲುವುದಿಲ್ಲ.

ಈ ಮೂರನ್ನೇ ಯಾಕೆ ಹಿಡಿದು ಕೂರಬೇಕು ಅನ್ನುವುದು, ಬಿಪಿ ಅಳೆದು ಕಾಪಾಡಬೇಕಾಗಿರುವುದು ಏನನ್ನು ಅನ್ನುವುದರ ಮೇಲೆ ನಿಂತಿದೆ. ಬಿಪಿ ಅಂದ ಕೂಡಲೇ ಎಲ್ಲರ ಕೈ ಎದೆಯ ಮೇಲೆ ಹೋಗುತ್ತದೆ. ಆದರೆ ಸದ್ದಿಲ್ಲದೆ, ವರ್ಷಗಟ್ಟಲೆ, ಒಂದಿಷ್ಟೂ ನೋವು ತೋರಿಸದೆ ಏಟು ತಿನ್ನುವ ಜಾಗಗಳಲ್ಲಿ ಮಿದುಳಿನ ಒಳಗಿನ ಸಣ್ಣ ರಕ್ತನಾಳಗಳು ಮುಖ್ಯವಾದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಇದು ಅಂಗೈ ಹುಣ್ಣಲ್ಲ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು. ಅದು ಬಳಸುವ ಆಮ್ಲಜನಕ ಮಾತ್ರ ನೂರಕ್ಕೆ 20ರ ಹತ್ತಿರ. ಅಷ್ಟು ರಕ್ತ ಬಿಡುವಿಲ್ಲದೆ ಹರಿಯಬೇಕಾದ್ದರಿಂದ ಅಲ್ಲಿನ ನಾಳಗಳು ಹರಿವಿಗೆ ಹೆಚ್ಚು ಅಡ್ಡಿ ಒಡ್ಡುವುದಿಲ್ಲ, ಹೃದಯದ ಒಂದೊಂದು ಬಡಿತದ ಹೊಡೆತವೂ ಆಳಕ್ಕೆ ಇಳಿಯುತ್ತದೆ. ಅದರಲ್ಲೂ ಕಷ್ಟದ ಜಾಗ, ಮಿದುಳಿನ ನಡುವಿನ ದೊಡ್ಡ ನಾಳದಿಂದ ನೇರ ಕವಲೊಡೆದು ಆಳದ ನರಕೋಶಗಳ ಗಂಟುಗಳಿಗೆ ಹೋಗುವ ಪುಟ್ಟ ಧಮನಿಗಳದ್ದು. ಇವುಗಳಲ್ಲಿ ಹೆಚ್ಚಿನವು ಅರ್ಧ ಮಿಲಿಮೀಟರಿಗಿಂತ ಸಣ್ಣವು. ಬೇರೆ ಕಡೆ ನಾಳ ಕವಲೊಡೆಯುತ್ತ, ಹಂತ ಹಂತವಾಗಿ ಕಿರಿದಾಗುತ್ತ ಹೋಗುವುದರಿಂದ ಒತ್ತಡವೂ ಹಂತ ಹಂತವಾಗಿ ಇಳಿಯುತ್ತದೆ. ಇಲ್ಲಿ ಹಾಗಿಲ್ಲ. ಬೋರ್‌ವೆಲ್ ಮೋಟಾರಿನ ಮೇನ್ ಪೈಪಿಗೇ ತೂತು ಕೊರೆದು, ನಡುವೆ ವಾಲ್ವೂ ಇಲ್ಲದೆ ಡ್ರಿಪ್ ನಳಿಗೆ ಕೂರಿಸಿದಂತೆ. ಮೋಟಾರಿನ ಪೂರ್ತಿ ರಭಸ ಆ ನಳಿಗೆಯ ಗೋಡೆಗೇ ಬಡಿಯುತ್ತದೆ.

ವರ್ಷಗಟ್ಟಲೆ ಹಾಗೆ ಬಡಿದರೆ ಗೋಡೆ ದಪ್ಪವಾಗುತ್ತದೆ. ಗೋಡೆಯಲ್ಲಿರುವ ಸ್ನಾಯುವಿನ ಎಳೆಗಳು ಸತ್ತು, ಆ ಜಾಗದಲ್ಲಿ ಗಾಜಿನಂಥ, ಬಾಗದ ವಸ್ತು ತುಂಬಿಕೊಳ್ಳುತ್ತದೆ. ಒಳದಾರಿ ಕಿರಿದಾಗುತ್ತದೆ. ಇಲ್ಲಿಂದ ಮುಂದೆ ಎರಡು ದಾರಿ. ಒಂದು, ನಾಳ ಮುಚ್ಚಿಹೋಗಿ ಅದರ ಪಾಲಿನ ಚೂರು ಜಾಗ ಒಣಗುವುದು. ವಾಸಿಯಾದ ಮೇಲೆ ಅಲ್ಲಿ 3ರಿಂದ 15 ಮಿ.ಮೀ. ಅಗಲದ, ನೀರು ತುಂಬಿದ ಗುಳಿ ಉಳಿಯುತ್ತದೆ. ವೈದ್ಯರು ಇದನ್ನು ಲಾಕ್ಯೂನ್ ಅನ್ನುತ್ತಾರೆ. ಮಿಲ್ಲರ್ ಫಿಶರ್ ಎಂಬ ಕೆನಡಾ ಮೂಲದ ನರವೈದ್ಯರು 1960ರ ದಶಕದಲ್ಲಿ ಸತ್ತವರ ಮಿದುಳುಗಳನ್ನು ತೆಳುವಾಗಿ ಕತ್ತರಿಸಿ, ಗುಳಿಯ ಬೆನ್ನು ಹಿಡಿದು ಅದಕ್ಕೆ ಕಾರಣವಾದ ನಾಳವನ್ನು ಹುಡುಕಿ ತೋರಿಸಿದವರು. ಎರಡನೆಯ ದಾರಿ, ಸತ್ತ ಗೋಡೆ ಬಿರಿದು ರಕ್ತ ಸೋರುವುದು. ಫ್ರಾನ್ಸಿನ ಶಾರ್ಕೋ ಮತ್ತು ಬೂಶಾರ್ 1868ರಲ್ಲೇ ಈ ನಾಳಗಳ ಮೇಲಿನ ಪುಟ್ಟ ಉಬ್ಬುಗಳನ್ನು ಮಿದುಳಿನ ರಕ್ತಸ್ರಾವದ ಜತೆ ತಳಕು ಹಾಕಿದ್ದರು. ಒಂದೇ ಕಾಯಿಲೆ ಒಂದು ಕಡೆ ನಾಳ ಕಟ್ಟಿಸುತ್ತದೆ, ಇನ್ನೊಂದು ಕಡೆ ಒಡೆಸುತ್ತದೆ. ಒಂದೇ ಮಿದುಳಿನಲ್ಲಿ ಎರಡೂ ಇರಬಹುದು.

ಮೂರನೆಯದೊಂದಿದೆ, ಇವೆರಡಕ್ಕಿಂತ ನಿಧಾನದ್ದು. ಮಿದುಳಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ಸಂಪರ್ಕ ಕಲ್ಪಿಸುವ ತಂತುಗಳ ಬಿಳಿ ಭಾಗಕ್ಕೆ ರಕ್ತ ಬರುವುದು ಉದ್ದುದ್ದ ತೆಳು ನಾಳಗಳಲ್ಲಿ. ನಾಲೆಯ ನೀರಿನ ಲೆಕ್ಕದಲ್ಲಿ ಇದು ಕೊನೆ ಭಾಗದ ಹೊಲ. ಮೇಲ್ಭಾಗದಲ್ಲಿ ಸ್ವಲ್ಪ ಹೂಳು ತುಂಬಿದರೂ ಮೊದಲು ಒಣಗುವುದು ಇದೇ. ಎಂಆರ್‌ಐ ಸ್ಕ್ಯಾನಿನಲ್ಲಿ ಈ ಜಾಗ ಬೆಳ್ಳಗೆ ಹೊಳೆಯುತ್ತದೆ. ರಿಪೋರ್ಟಿನಲ್ಲಿ ‘ಫಝೇಕಾಸ್ 1’, ‘ಫಝೇಕಾಸ್ 2’ ಎಂದು ಬರೆದಿರುವುದು ಇದರ ದರ್ಜೆ. 0 ಅಂದರೆ ಏನೂ ಇಲ್ಲ. 1ರಲ್ಲಿ ಚುಕ್ಕೆಗಳು, 2ರಲ್ಲಿ ಚುಕ್ಕೆಗಳು ಕೂಡತೊಡಗಿವೆ, 3ರಲ್ಲಿ ಒಂದಾಗಿ ಹರಡಿಕೊಂಡಿವೆ. 1 ಬಂದ ಮಾತ್ರಕ್ಕೆ ಗಾಬರಿ ಬೇಡ, ವಯಸ್ಸಾದ ಬಹಳ ಜನರಲ್ಲಿ ಅಷ್ಟು ಇದ್ದೇ ಇರುತ್ತದೆ. 3 ಅಂತಿದ್ದರೆ ಅದು ಸುಮ್ಮನೆ ಫೈಲಿನಲ್ಲಿಡುವ ಕಾಗದವಲ್ಲ.

ಹೊರಗೆ ಕಾಣುವ ಲಕ್ಷಣಗಳನ್ನು ಮನೆಯವರು ವಯಸ್ಸಿನ ತಲೆಗೆ ಕಟ್ಟಿಬಿಡುತ್ತಾರೆ. ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಮೂತ್ರ ತಡೆಯಲಾಗುವುದಿಲ್ಲ. ಹಿಂದೆ ಲೀಲಾಜಾಲವಾಗಿ ಮಾಡುತ್ತಿದ್ದ ಲೆಕ್ಕಪತ್ರ, ಬ್ಯಾಂಕಿನ ಕೆಲಸ, ನಾಲ್ಕು ಒಲೆಯ ಅಡುಗೆ ಎಲ್ಲ ಗೊಂದಲವಾಗುತ್ತದೆ. ಉತ್ಸಾಹ ಬತ್ತುತ್ತದೆ. ಹೆಸರು ಮರೆಯುವುದಕ್ಕಿಂತ ಮೊದಲೇ ಯೋಚನೆಯ ವೇಗ ಕುಗ್ಗುವುದು ಈ ಕಾಯಿಲೆಯ ಗುರುತು. ನಮ್ಮ ಜನರಲ್ಲಿ ಇದೆಲ್ಲ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ.

ಈಗ ಮಿಷನ್ ಕಡೆಗೆ ಬರೋಣ. ಹಾನಿ ಮಾಡುವುದು ಒಂದು ದಿನದ ಒಂದು ಅಂಕಿಯಲ್ಲ, ವರ್ಷಗಳ ಸರಾಸರಿ ಹೊಡೆತ. ಆದ್ದರಿಂದ ಮಿಷನ್ ಕೊಡಬೇಕಾದದ್ದೂ ನಂಬಬಹುದಾದ ಸರಾಸರಿಯನ್ನೇ. ಅದನ್ನು ಕೆಡಿಸುವ ಮೊದಲ ಆರೋಪಿ ಕಫ್.

ದರ್ಜಿಯ ಟೇಪು ತೆಗೆದುಕೊಳ್ಳಿ. ಭುಜದ ಮೂಳೆಯ ತುದಿಗೂ ಮೊಣಕೈ ಮೂಳೆಯ ತುದಿಗೂ ನಟ್ಟನಡುವೆ ರಟ್ಟೆಯ ಸುತ್ತ ಅಳೆಯಿರಿ. ಈ ಸೆಂಟಿಮೀಟರ್ ಲೆಕ್ಕ ಗೊತ್ತಿಲ್ಲದೆ ಅಂಗಡಿಗೆ ಹೋಗಬೇಡಿ. ನಮ್ಮಲ್ಲಿ ಬಹಳ ಕಡೆ ಸಿಗುವ ಓಮ್ರಾನ್ ಎಚ್‌ಇಎಂ-7120 ಜತೆ ಬರುವ ಕಫ್ 22ರಿಂದ 32 ಸೆಂ.ಮೀ. ರಟ್ಟೆಗೆ. ಅದೇ ಕಂಪನಿಯ ಎಚ್‌ಇಎಂ-7156ರ ಗಡುಸು ಕಫ್ 22ರಿಂದ 42ಕ್ಕೆ. ಮನೆಯಲ್ಲಿ ಅಪ್ಪನ ರಟ್ಟೆ 34, ಅಮ್ಮನದು 27 ಇದ್ದರೆ ಎರಡನೆಯದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಮೊದಲನೆಯದು ಅಗ್ಗ, ಗಟ್ಟಿ, ಬಳಕೆ ಸುಲಭ. ಆದರೆ 34ರ ರಟ್ಟೆಗೆ ಅದನ್ನು ಬಿಗಿದರೆ ತಪ್ಪು ಮಿಷನ್‌ನದಲ್ಲ.

ಕಫ್ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೊಡ್ಡ ಕಫ್ ಬೇಕಾದವರಿಗೆ ಮಾಮೂಲಿ ಕಫ್ ಕಟ್ಟಿದಾಗ ಮೇಲಿನ ಅಂಕಿ (120/80 ಅಂದರೆ ಆ 120) ಸರಾಸರಿ 4.8, ಇನ್ನೂ ದೊಡ್ಡದು ಬೇಕಾದವರಲ್ಲಿ 19.5 ಹೆಚ್ಚು ಬಂತು. 19.5 ಅಂದರೆ ಸುಮ್ಮಸುಮ್ಮನೆ ಮಾತ್ರೆ ಹೆಚ್ಚಾಗುವಷ್ಟು. ನಮ್ಮ ಮನೆಗಳಲ್ಲಿ ಇದರ ತಿರುಗುಮುರುಗೂ ಇದೆ. ಸೊರಗಿದ ವಯಸ್ಸಾದವರ ರಟ್ಟೆ 20 ಸೆಂ.ಮೀ. ಇರುತ್ತದೆ. ಅವರಿಗೆ 22–32ರ ಕಫ್ ಕಟ್ಟಿದರೆ ಕಡಿಮೆ ತೋರಿಸುತ್ತದೆ. ಅದೇ ಅಧ್ಯಯನದಲ್ಲಿ ಈ ತಪ್ಪು 3.6ರಷ್ಟು. ‘ಅಜ್ಜಿಗೆ ಬಿಪಿ ನಾರ್ಮಲ್’ ಅನ್ನುವ ಸಮಾಧಾನ ಸುಳ್ಳಾಗುವುದು ಹೀಗೆ. ಚಿಕ್ಕ ಕಫ್ ಬೇರೆಯಾಗಿ ಸಿಗುತ್ತದೆ, ಅಂಗಡಿಯವರು ತರಿಸಿಕೊಡುತ್ತಾರೆ.

ಮಿಷನ್ ನಿಖರವೇ ಅನ್ನುವುದಕ್ಕೆ ಡಬ್ಬದ ಮೇಲಿನ ಮುದ್ರೆಗಳನ್ನು ನೋಡಿ ಮರುಳಾಗಬೇಡಿ. ಐಎಸ್‌ಒ 13485 ಅಂದರೆ ಕಾರ್ಖಾನೆ ಕ್ರಮಬದ್ಧವಾಗಿದೆ ಅಂತ, ಅಂಕಿ ಸರಿ ಬರುತ್ತದೆ ಅಂತಲ್ಲ. ನೋಡಬೇಕಾದ್ದು ಐಎಸ್‌ಒ 81060-2 ಪರೀಕ್ಷೆ. ಅದರಲ್ಲಿ ಕನಿಷ್ಠ 85 ಜನರ ಮೇಲೆ, ತರಬೇತಾದವರು ಸ್ಟೆತಾಸ್ಕೋಪ್ ಇಟ್ಟು ಅಳೆದ ಅಂಕಿಗೆ ಮಿಷನ್‌ನ ಅಂಕಿಯನ್ನು ಹೋಲಿಸುತ್ತಾರೆ. ಸರಾಸರಿ ವ್ಯತ್ಯಾಸ 5 ಮಿ.ಮೀ.ಗಿಂತ (ಬಿಪಿ ಅಳೆಯುವ ಪಾದರಸದ ಲೆಕ್ಕ) ಹೆಚ್ಚಿರಬಾರದು. ಪಾಸಾದ ಮಾದರಿಗಳ ಪಟ್ಟಿ ‘ಸ್ಟ್ರೈಡ್ ಬಿಪಿ’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಂಪನಿಯ ಹೆಸರಲ್ಲ, ಪೂರ್ತಿ ಮಾದರಿ ಸಂಖ್ಯೆಯನ್ನು ಹುಡುಕಿ. ಒಂದೇ ಕಂಪನಿಯ ಒಂದು ಮಾದರಿ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು.

ಮೆಮೊರಿ ಬಗ್ಗೆ: ಕೊನೆಯ ಒಂದೇ ಅಂಕಿ ನೆನಪಿಡುವ ಮಿಷನ್ ತರಬೇಡಿ. ತಂದಾಗಿದ್ದರೆ ಎಸೆಯಬೇಕಿಲ್ಲ, ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟರಾಯಿತು. ಇಬ್ಬರು ಬಳಸುವ ಮನೆಯಲ್ಲಿ ಎರಡು ಬಳಕೆದಾರರ ಬಟನ್ ಇರುವುದು ಬೇಕು. ಇಲ್ಲವಾದರೆ ಗಂಡನ 150, ಹೆಂಡತಿಯ 118 ಸೇರಿ ಯಾರದೂ ಅಲ್ಲದ 134 ಸರಾಸರಿ ಬರುತ್ತದೆ. ಮೈಕ್ರೋಲೈಫ್‌ನ ಕೆಲವು ಮಾದರಿಗಳು ಒಂದೇ ಬಟನ್‌ಗೆ ಮೂರು ಸಲ ಅಳೆದು ಸರಾಸರಿ ಕೊಡುತ್ತವೆ. ಮರೆಗುಳಿಗಳಿರುವ ಮನೆಗೆ ಒಳ್ಳೆಯದು, ತಾಳ್ಮೆ ಇಲ್ಲದವರಿಗೆ ಕಿರಿಕಿರಿ.

ಅಳೆಯುವ ರೀತಿ ಸರಿಯಿಲ್ಲದಿದ್ದರೆ ಹತ್ತು ಸಾವಿರದ ಮಿಷನ್ನೂ ಒಂದೇ, ಆಟಿಕೆಯೂ ಒಂದೇ. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ-ತಿಂಡಿ-ಮಾತ್ರೆಗೆ ಮೊದಲು ಕೂರಬೇಕು. ಸಂಜೆಯದು ಊಟಕ್ಕೆ ಮುಂಚೆ ಅಥವಾ ಮಲಗುವ ಮೊದಲು. ಹಿಂದಿನ ಅರ್ಧ ಗಂಟೆ ಕಾಫಿ, ಬೀಡಿ-ಸಿಗರೇಟು, ವಾಕಿಂಗು ಬೇಡ. ಬೆನ್ನಿಗೆ ಒರಗು ಇರುವ ಕುರ್ಚಿ ಬೇಕು. ದಿವಾನದ ಅಂಚು, ಮಂಚದ ತುದಿ, ಚಕ್ಕಳಮಕ್ಕಳ ಹಾಕಿ ಕೂರುವ ನೆಲ ಇವು ಯಾವುವೂ ಆಗದು. ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. 5 ನಿಮಿಷ ಸುಮ್ಮನಿರಿ. ಸುಮ್ಮನೆ ಅಂದರೆ ಮೊಬೈಲೂ ಇಲ್ಲ, ಟಿವಿಯೂ ಇಲ್ಲ. ಅಳೆಯುವಾಗ ಮಾತಾಡಿದರೆ ಮೇಲಿನ ಅಂಕಿ 10ರ ಹತ್ತಿರ ಏರಬಲ್ಲದು. ‘ಎಷ್ಟು ಬಂತು, ಎಷ್ಟು ಬಂತು’ ಅಂತ ಪಕ್ಕದಲ್ಲಿ ಕೇಳುವವರನ್ನು ಅಡುಗೆಮನೆಗೆ ಕಳಿಸಿ.

ಕಫ್ ಬರಿ ಚರ್ಮದ ಮೇಲೆ ಕೂರಬೇಕು. ತುಂಬು ತೋಳಿನ ಅಂಗಿಯನ್ನು ಮೇಲಕ್ಕೆ ಸುತ್ತಿದರೆ ಅದೇ ಒಂದು ಬಿಗಿ ಪಟ್ಟಿಯಾಗಿ ಅಂಕಿ ಕೆಡುತ್ತದೆ. ಮೊಣಕೈವರೆಗಿನ ಬಿಗಿ ರವಿಕೆಯದೂ ಇದೇ ಕತೆ, ಬೆಳಿಗ್ಗೆ ನೈಟಿಯಲ್ಲಿದ್ದಾಗ ಅಳೆಯುವುದೇ ಸಲೀಸು. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ರಬ್ಬರ್ ನಳಿಗೆ ಅಂಗೈಯತ್ತ ಇಳಿಯಲಿ. ತೀರ ಸಡಿಲವಾದರೂ ತಪ್ಪು, ಬಿಗಿದರೂ ತಪ್ಪು, ಕಫ್ ಅಡಿಗೆ ಒಂದು ಬೆರಳು ಸರಾಗ ತೂರಿದರೆ ಸರಿ. ಮುಂಗೈಯನ್ನು ಮೇಜಿನ ಮೇಲಿಟ್ಟು ಕಫ್ ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಮೇಜು ತಗ್ಗಿದ್ದರೆ ದಿಂಬು ಇಡಿ. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2024ರಲ್ಲಿ ತೋರಿಸಿದಂತೆ, ಕೈ ತೊಡೆಯ ಮೇಲಿದ್ದರೆ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಜೋತಾಡುತ್ತಿದ್ದರೆ 6.5 ಹೆಚ್ಚು ಬರುತ್ತದೆ.

ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ. ಬೆಳಿಗ್ಗೆ ಎರಡು, ಸಂಜೆ ಎರಡು, ಹೀಗೆ 7 ದಿನ, ಒಟ್ಟು 28 ಅಂಕಿ. ಮೊದಲ ದಿನದ ನಾಲ್ಕನ್ನು ಬಿಟ್ಟುಬಿಡಿ. ಹೊಸ ಮಿಷನ್‌ನ ಅಳುಕು ಅವುಗಳಲ್ಲಿರುತ್ತದೆ. ಉಳಿದ 24ರ ಸರಾಸರಿಯೇ ವೈದ್ಯರಿಗೆ ತೋರಿಸಬೇಕಾದ ಅಂಕಿ. ಮನೆಯಲ್ಲಿ ಅದು 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ಇದೆ ಅಂತ ಲೆಕ್ಕ. ಕ್ಲಿನಿಕ್ಕಿನ 140/90ಕ್ಕೆ ಮನೆಯ 135/85 ಸಮ. ವೈದ್ಯರೆದುರು 150, ಮನೆಯಲ್ಲಿ 125 ಬರುವವರಿದ್ದಾರೆ. ಅದಕ್ಕಿಂತ ಕಳವಳದ್ದು ಉಲ್ಟಾ ಪ್ರಕರಣ. ಕ್ಲಿನಿಕ್ಕಿನಲ್ಲಿ 130, ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ 148. ಇಂಥವರ ಮಿದುಳಿನ ನಾಳಗಳು ಯಾರ ಗಮನಕ್ಕೂ ಬಾರದೆ ಸವೆಯುತ್ತವೆ. ಮಿಷನ್ ದುಡ್ಡು ಹುಟ್ಟಿಸಿಕೊಳ್ಳುವುದು ಇಲ್ಲಿ.

ಮೊದಲ ಸಲ ಎರಡೂ ರಟ್ಟೆ ಅಳೆದು, ಹೆಚ್ಚು ಬರುವ ಕೈಯನ್ನೇ ಮುಂದೆ ಬಳಸಿ. ಪದೇಪದೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ವೈದ್ಯರಿಗೆ ಹೇಳಿ. 65 ದಾಟಿದವರಲ್ಲಿ, ಹೊಸ ಮಾತ್ರೆ ಶುರುವಾದವರಲ್ಲಿ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೂ ಅಳೆಯುವುದು ಒಳ್ಳೆಯದು. ಮೇಲಿನದು 20 ಅಥವಾ ಕೆಳಗಿನದು 10 ಕುಸಿದರೆ ಬೀಳುವ ಅಪಾಯವಿದೆ.

ಕುಸಿತದ ಮಾತು ಬಂದದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಬಿಪಿ ಏರಿಳಿದರೂ ಮಿದುಳಿನ ನಾಳಗಳು ಹಿಗ್ಗಿ ಕುಗ್ಗಿ ಹರಿವನ್ನು ಒಂದೇ ಸಮ ಇಟ್ಟುಕೊಳ್ಳುತ್ತವೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಸರಾಸರಿ ಒತ್ತಡ (ಮೇಲಿನ-ಕೆಳಗಿನ ಅಂಕಿಗಳ ನಡುವೆ ಬರುವ ಲೆಕ್ಕ) ಸುಮಾರು 60ರಿಂದ 150 ಮಿ.ಮೀ. ಇರುವವರೆಗೆ ಇದು ನಡೆಯುತ್ತದೆ. ಬಹುಕಾಲ ಬಿಪಿ ಹೆಚ್ಚಿದ್ದವರಲ್ಲಿ ಈ ವ್ಯಾಪ್ತಿ ಇಡಿಯಾಗಿ ಮೇಲಕ್ಕೆ ಸರಿದಿರುತ್ತದೆ. ಗಡುಸಾದ ನಾಳ ಬೇಗ ಹಿಗ್ಗಲಾರದು. ಅಂಥವರಿಗೆ ಬಿಪಿಯನ್ನು ಒಮ್ಮೆಲೇ ಕೆಡವಿದರೆ ಕೊನೆ ಭಾಗದ ಹೊಲಕ್ಕೆ ನೀರೇ ಬರುವುದಿಲ್ಲ. ಮನೆಯಲ್ಲಿ 180 ಕಂಡ ಕೂಡಲೇ ನಿಫೆಡಿಪಿನ್ ಎಂಬ ಬಿಪಿ ಇಳಿಸುವ ಗುಳಿಗೆಯನ್ನು ಚುಚ್ಚಿ ನಾಲಿಗೆ ಕೆಳಗೆ ಹಾಕುವ ಹಳೆಯ ರೂಢಿ ಇದಕ್ಕೇ ಅಪಾಯಕಾರಿ. ಇನ್ನೊಂದು ಮಾತ್ರೆ ನುಂಗುವುದೂ ಬೇಡ. ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಆಗಲೂ 180/120 ಮೀರಿದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಅದೇ ದಿನ ವೈದ್ಯರನ್ನು ಕೇಳಿ. ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ವಿಪರೀತ ತಲೆನೋವು, ಗೊಂದಲ ಜತೆಗಿದ್ದರೆ ಆಸ್ಪತ್ರೆಗೆ.

ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಮಿಷನ್ ಹುಡುಕುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಸಣ್ಣ ನಾಳದ ಲಕ್ವದಲ್ಲಿ ಪ್ರಜ್ಞೆ ತಪ್ಪುವುದಿಲ್ಲ, ನೋವಿರುವುದಿಲ್ಲ. ‘ಮಲಗೆದ್ದರೆ ಸರಿಹೋಗುತ್ತೆ’ ಅನ್ನಿಸುವುದು ಅದಕ್ಕೇ.

ಎಷ್ಟಕ್ಕೆ ಇಳಿಸಬೇಕು ಅನ್ನುವುದು ವೈದ್ಯರು ಆಯಾ ರೋಗಿಗೆ ನಿರ್ಧರಿಸುವ ಮಾತು. ಆದರೂ ಎರಡು ದೊಡ್ಡ ಪ್ರಯೋಗಗಳನ್ನು ಗೊತ್ತುಮಾಡಿಕೊಂಡಿರಬೇಕು. 2013ರಲ್ಲಿ ಪ್ರಕಟವಾದ ಎಸ್‌ಪಿಎಸ್3, ಆಗಲೇ ಸಣ್ಣ ನಾಳದ ಲಕ್ವ ಹೊಡೆದಿದ್ದ 3,020 ಜನರ ಮೇಲೆ ನಡೆಯಿತು. ಮೇಲಿನ ಅಂಕಿಯನ್ನು 130ರ ಕೆಳಗಿಟ್ಟವರಲ್ಲಿ ಮಿದುಳಿನ ರಕ್ತಸ್ರಾವ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಒಟ್ಟು ಲಕ್ವಗಳ ಇಳಿಕೆ ಮಾತ್ರ ಖಚಿತ ಎನ್ನುವಷ್ಟಿರಲಿಲ್ಲ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 9,361 ಜನರಿದ್ದರು. ಅವರಲ್ಲಿ ಎಂಆರ್‌ಐ ಮಾಡಿಸಿಕೊಂಡವರ ಫಲಿತಾಂಶ 2019ರಲ್ಲಿ ಬಂತು. ಸುಮಾರು ನಾಲ್ಕು ವರ್ಷದಲ್ಲಿ ಬಿಳಿ ಭಾಗದ ಹಾನಿ 140ರ ಗುರಿಯವರಲ್ಲಿ 1.45 ಘನ ಸೆಂ.ಮೀ. ಬೆಳೆದಿದ್ದರೆ, 120ರ ಗುರಿಯವರಲ್ಲಿ 0.92 ಮಾತ್ರ. ನಿಂತಿಲ್ಲ, ನಿಧಾನವಾಗಿದೆ. ಒಂದು ಸೂಕ್ಷ್ಮವಿದೆ: ಆ 120ನ್ನು ಅಳೆದದ್ದು ಐದು ನಿಮಿಷ ಕೂರಿಸಿ, ಸ್ವಯಂಚಾಲಿತ ಮಿಷನ್‌ನಲ್ಲಿ ಮೂರು ಸಲ ಅಳೆದು ಸರಾಸರಿ ತೆಗೆದು. ಓಡೋಡಿ ಬಂದು ಕೂತ ರೋಗಿಯ ಒಂದೇ ಅಂಕಿಗೆ ಆ ಗುರಿಯನ್ನು ಅಂಟಿಸಲಾಗದು.

ಮಿಷನ್‌ನ ಕೊರತೆಗಳೂ ಇವೆ. ಇದು ಕಫ್‌ನೊಳಗಿನ ಗಾಳಿಯ ಕಂಪನ ನೋಡಿ ಮೇಲಿನ-ಕೆಳಗಿನ ಅಂಕಿಗಳನ್ನು ಅಂದಾಜಿಸುತ್ತದೆ. ಹೃದಯದ ಲಯ ತಪ್ಪಿದ್ದರೆ ಅಂದಾಜು ಹೆಚ್ಚುಕಡಿಮೆಯಾಗುತ್ತದೆ, ಅಂಥವರು ಮೂರು ಸಲ ಅಳೆಯಬೇಕು. ಲಯ ತಪ್ಪಿದ ಗುರುತು ಪರದೆಯ ಮೇಲೆ ಪದೇಪದೇ ಬಂದರೆ ಇಸಿಜಿ ಮಾಡಿಸಿ. ರಾತ್ರಿಯ ಬಿಪಿಯೂ ಇದಕ್ಕೆ ಕಾಣದು. ನಿದ್ದೆಯಲ್ಲಿ ಬಿಪಿ ನೂರಕ್ಕೆ 10ರಿಂದ 20ರಷ್ಟು ಇಳಿಯಬೇಕು. ಇಳಿಯದವರ ಸಣ್ಣ ನಾಳಗಳಿಗೆ ರಾತ್ರಿಯೂ ಬಿಡುವಿಲ್ಲ. ಗೊರಕೆ ಹೊಡೆದು ಉಸಿರು ಕಟ್ಟುವವರು, ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು 24 ಗಂಟೆಯ ಮಿಷನ್ ಕಟ್ಟಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬೇಕು.

ಮಣಿಕಟ್ಟಿನ ಮಿಷನ್ ಚಿಕ್ಕದು, ಬ್ಯಾಗಿಗೆ ಹಗುರ, ಆದರೆ ಕೈ ಎದೆಯ ಮಟ್ಟದಿಂದ 10 ಸೆಂ.ಮೀ. ಕೆಳಗಿದ್ದರೆ 7-8 ಹೆಚ್ಚು ತೋರಿಸುತ್ತದೆ. ಯಾವ ಕಫ್ಫೂ ಹಿಡಿಸದಷ್ಟು ದಪ್ಪ ರಟ್ಟೆಯವರಿಗೆ ಮಾತ್ರ. ಬಿಪಿ ತೋರಿಸುವ ವಾಚುಗಳಲ್ಲಿ ಕೆಲವನ್ನು 28 ದಿನಕ್ಕೊಮ್ಮೆ ಕಫ್ ಮಿಷನ್‌ಗೆ ಹೊಂದಿಸಬೇಕು. ಕಫ್ ಮಿಷನ್ ಹೇಗೂ ಬೇಕೆಂದ ಮೇಲೆ ವಾಚು ಯಾಕೆ? ಮುಳ್ಳಿನ ಡಯಲ್ ಮಿಷನ್ ಸ್ಟೆತಾಸ್ಕೋಪ್ ಬಳಸಲು ಬಲ್ಲವರಿಗೆ ಒಳ್ಳೆಯದು, ಒಮ್ಮೆ ಕೆಳಗೆ ಬಿದ್ದರೆ ಮುಳ್ಳನ್ನು ನಂಬಬೇಡಿ.

ಬಾಳಿಕೆಯ ಮಾತು. ಗಾಳಿ ಏರುತ್ತಲೇ ಇದ್ದು ಅಂಕಿ ಬರದಿದ್ದರೆ ಮೊದಲು ನಳಿಗೆಯ ಪ್ಲಗ್ ಒತ್ತಿ ನೋಡಿ, ಆಮೇಲೆ ನಳಿಗೆ ಮಡಚಿದ ಕಡೆ ಬಿರುಕು ನೋಡಿ. ಪಂಪಿನ ಸದ್ದು ಸೊರಗಿದ್ದರೆ ನಾಲ್ಕೂ ಸೆಲ್ಲು ಒಟ್ಟಿಗೆ ಬದಲಿಸಿ, ಹೊಸತು-ಹಳತು ಬೆರೆಸಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲು ತೆಗೆದಿಡಿ, ಸೋರಿದ ಸೆಲ್ಲು ಒಳಗಿನ ತಗಡನ್ನು ತಿನ್ನುತ್ತದೆ. ಕಫ್ ಒಗೆಯುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಳಿಗೆಯನ್ನು ಮಿಷನ್‌ಗೆ ಬಿಗಿಯಾಗಿ ಸುತ್ತಿಡಬೇಡಿ. ವರ್ಷಕ್ಕೊಮ್ಮೆ ಕ್ಲಿನಿಕ್ಕಿಗೆ ಹೊತ್ತೊಯ್ದು, ಅದೇ ಕೈಗೆ ಅಲ್ಲಿನದನ್ನೂ ನಿಮ್ಮದನ್ನೂ ಒಂದಾದ ಮೇಲೊಂದು ಕಟ್ಟಿ ಹೋಲಿಸಿ. ಕಫ್‌ನ ಅಂಟುಪಟ್ಟಿ ಗಾಳಿ ತುಂಬುವಾಗ ಚರ್ರನೆ ಬಿಟ್ಟುಕೊಳ್ಳತೊಡಗಿದರೆ ಕಫ್ ಮಾತ್ರ ಬೇರೆ ಕೊಳ್ಳಬಹುದು. ಅದೇ ಕಂಪನಿಯದು, ಅದೇ ಮಾದರಿಗೆ ಹೇಳಿದ್ದೇ ಬೇಕು. ಬೇರೆ ಕಂಪನಿಯ ಕಫ್ ಪ್ಲಗ್‌ಗೆ ಕೂತರೂ ಲೆಕ್ಕಕ್ಕೆ ಕೂರುವುದಿಲ್ಲ.